ಗುಂಪಿನಲ್ಲಿ ಕೈ ಮುಗಿಯಬೇಡಿ

ಹೊಸದಾಗಿ ಉಪನ್ಯಾಸಕರಾದವರು ವಿದ್ಯಾಗಿರಿಯ ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು, ಪಾಠಕ್ಕೆ ಯಾವ ಆ್ಯಪ್ ಒಳ್ಳೆಯದು ಎಂದು. ನನಗೆ ಗೊತ್ತಿಲ್ಲ. ನಾನು ಬಳಸಿದವುಗಳಲ್ಲಿ ಕೆಲವು ಸತ್ತಿವೆ, ಕೆಲವು ಹೆಸರು ಬದಲಿಸಿಕೊಂಡಿವೆ. ಅದರ ಬದಲು ಒಂದು ನಿಯಮ ಹೇಳಿ ಕಳಿಸುತ್ತೇನೆ: ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಕೈ ಮುಗಿಯಬಾರದು. ಅವರು ನಗುತ್ತಾರೆ. ಈ ನಿಯಮ ಹುಟ್ಟಿದ ಕತೆ ಒಂದು ಕಪ್ ಚಹಾದಲ್ಲಿ ಮುಗಿಯುವಂಥದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುವ ಮೊದಲು ಒಂದು ಎಚ್ಚರಿಕೆ. ನಾನು ಕಲಿಸಿದ್ದು ಇತಿಹಾಸ. ಶಾಸನ ಓದಿಸುತ್ತ ವಯಸ್ಸು ಕಳೆದವನಿಗೆ ಇಷ್ಟಾದರೂ ತಿಳಿದಿರಬೇಕು: ಕಲ್ಲಿನ ಮೇಲೆ ಬರೆಸಿದವನೇ ಯಾವಾಗಲೂ ಗೆದ್ದಿರುತ್ತಾನೆ. ನಿವೃತ್ತರ ನೆನಪೂ ಹಾಗೆಯೇ. ಸೇವೆಯಲ್ಲಿದ್ದಾಗ ಕಸಕಸವಾಗಿದ್ದದ್ದೆಲ್ಲ ಪಿಂಚಣಿ ಶುರುವಾದ ಮೇಲೆ ಗುಡಿಸಿ ಸಾರಿಸಿದ ಅಂಗಳವಾಗುತ್ತದೆ, ನಡುವೆ ನಾವು ನಿಂತಿರುತ್ತೇವೆ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಹೆಮ್ಮೆ ಮಾತ್ರ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಶುರುವಾದದ್ದು ಹುನಗುಂದದಲ್ಲಿ. ಆಗ ಫೇಸ್‌ಬುಕ್ ಕಾಲ. ಅಲ್ಲಿಯ ಪ್ರಾಚಾರ್ಯರಿಗೆ ಮೊಬೈಲ್ ಎಂದರೆ ಹಾವು ಕಂಡ ಹಾಗೆ. ಗೇಟಿನಲ್ಲಿ ಸಿಪಾಯಿಯನ್ನು ನಿಲ್ಲಿಸಿ, ಬಿದಿರಿನ ಬುಟ್ಟಿಯಲ್ಲಿ ಎಲ್ಲರ ಫೋನು ಹಾಕಿಸಿಕೊಂಡು ತಮ್ಮ ಕೋಣೆಯಲ್ಲಿ ಇಡಿಸುತ್ತಿದ್ದರು. ಇದು ಗೊತ್ತಿದ್ದೂ ನಾನು ಒಂದು ಮುಂಜಾನೆ ಯಾವುದೋ ಹೊಲದ ಬದುವಿನಲ್ಲಿದ್ದ ವೀರಗಲ್ಲಿನ ಚಿತ್ರವನ್ನು ತರಗತಿಯ ಪುಟದಲ್ಲಿ ಹಾಕಿ, ಇದರಲ್ಲಿ ಸತ್ತವನು ಯಾರು, ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಬುಟ್ಟಿಯೊಳಗಿನ ಫೋನುಗಳೆಲ್ಲ ಒಟ್ಟಿಗೆ ನಡುಗಿದವು. ಪ್ರಾಚಾರ್ಯರು ನನ್ನನ್ನು ಕರೆಸಿದರು.

“ಏನ್ರಿ ಮಾಸ್ತರ, ಬುಟ್ಟಿಯೊಳಗ ಜೇನು ಸಾಕೀರೇನು?”

ಆ ಜೇನಿನಲ್ಲಿ ತುಪ್ಪ ಇರಲಿಲ್ಲ. ಬಂದ ಉತ್ತರಗಳೆಲ್ಲ ‘ಸೂಪರ್ ಸರ್’, ‘ನೈಸ್ ಸರ್’. ಸತ್ತವನ ಬಗ್ಗೆ ಒಬ್ಬರೂ ಏನೂ ಹೇಳಿರಲಿಲ್ಲ. ಮಕ್ಕಳು ಚಿತ್ರವನ್ನು ನೋಡುವುದಿಲ್ಲ, ಚಿತ್ರ ಹಾಕಿದ ಸರ್ ಅವರನ್ನು ನೋಡುತ್ತಾರೆ ಎಂದು ಅಂದೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ನಂತರ ಇಳಕಲ್ಲಿಗೆ ವರ್ಗವಾಯಿತು. ಅಲ್ಲಿಯ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಮನೆಯಲ್ಲಿ ಸೀರೆ ನೇಯುವವರು. ನಾನು ಆಸೆಪಟ್ಟು ವಿಡಿಯೋ ಪಾಠ ಮಾಡಿ ಕಳಿಸಿದರೆ ಯಾರೂ ನೋಡುತ್ತಿರಲಿಲ್ಲ. ವಿರೂಪಾಕ್ಷ ಎಂಬ ಹುಡುಗನನ್ನು ಕೇಳಿದೆ. “ಕಣ್ಣು ಸೀರಿ ಮ್ಯಾಲ ಇರ್ತಾವ್ರಿ ಸರ್, ಕಿವಿ ಖಾಲಿ ಇರ್ತಾವು” ಎಂದ. ಅಂದಿನಿಂದ ವಿಡಿಯೋ ಬಿಟ್ಟು ಚಿಕ್ಕ ಚಿಕ್ಕ ಧ್ವನಿ ಸಂದೇಶ ಕಳಿಸತೊಡಗಿದೆ. ಅವರ ಉತ್ತರಗಳು ಮಗ್ಗದ ಸಪ್ಪಳದೊಂದಿಗೆ ಬರುತ್ತಿದ್ದವು. ಮಾತಿನ ನಡುವೆ ಮಗ್ಗ ನಿಂತರೆ ಹುಡುಗ ಯೋಚಿಸುತ್ತಿದ್ದಾನೆ ಎಂದರ್ಥ. ಮಗ್ಗ ನಿಲ್ಲಿಸುವಂಥ ಪ್ರಶ್ನೆ ಕೇಳಬೇಕು ಎಂಬುದೇ ನನ್ನ ಹಟವಾಯಿತು. ಅಮಾವಾಸ್ಯೆಗೆ ಅವರು ಮಗ್ಗ ಮುಟ್ಟುತ್ತಿರಲಿಲ್ಲ, ಹಾಗಾಗಿ ನೇರ ಪಾಠವನ್ನು ಅಂದೇ ಇಡುತ್ತಿದ್ದೆ. ಪಂಚಾಂಗ ನೋಡಿ ಆನ್‌ಲೈನ್ ತರಗತಿ ಇಟ್ಟ ಮಾಸ್ತರರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇದ್ದರೆ ನನಗೆ ತಿಳಿಸಲಿ.

ಇಳಕಲ್ಲಿನಿಂದ ನಾನು ಕಲಿತು ತಂದ ಇನ್ನೊಂದು ನಂಬಿಕೆಯಿತ್ತು. ಮನುಷ್ಯನ ನೆನಪು ಸುಳ್ಳು ಹೇಳುತ್ತದೆ, ಫೋನಿನಲ್ಲಿ ದಾಖಲಾದದ್ದು ಹೇಳುವುದಿಲ್ಲ ಎಂದು. ಬಾದಾಮಿಯಲ್ಲಿ ಅದರ ಬೆಲೆ ಗೊತ್ತಾಯಿತು.

ಬಾದಾಮಿಯ ಕಾಲೇಜಿಗೆ ಬಂದ ಹೊಸದರಲ್ಲಿ ಒಂದನೆಯ ಗುಹೆಗೆ ಹೋಗಿ, ಹರಿಹರನ ಮುಂದೆ ನಿಂತು, ಫೋನನ್ನು ನನ್ನ ಕಡೆಗೇ ಹಿಡಿದು ಮಾತಾಡುತ್ತ ಒಂದು ವಿಡಿಯೋ ಮಾಡಿಕೊಂಡಿದ್ದೆ. ಅರ್ಧ ದೇಹ ಶಿವ, ಅರ್ಧ ದೇಹ ವಿಷ್ಣು, ಅದರ ಮುಂದೆ ಕೈ ಆಡಿಸುವ ನಾನು. ಅಷ್ಟರಲ್ಲಿ ಕೊರೊನಾ ಬಂತು. ಕಾಲೇಜು ಮುಚ್ಚಿತು, ಗುಹೆಗಳೂ ಮುಚ್ಚಿದವು. ಪಾಠವೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಗುಂಪಿನಲ್ಲಿ ಇದ್ದವರು ಕಾಲೇಜಿನಲ್ಲಿ ಇದ್ದ ಹಾಗೆ, ಗುಂಪು ಬಿಟ್ಟವರು ಕಾಲೇಜು ಬಿಟ್ಟ ಹಾಗೆ.

ಹರಿಹರನ ಪಾಠದ ದಿನ ಆ ವಿಡಿಯೋ ತೆಗೆದು ನೋಡಿದೆ. ಮೂರ್ತಿಯ ಬಲಭಾಗ ಶಿವ ಎಂದು ನನ್ನ ನೆನಪು ಹೇಳುತ್ತಿತ್ತು. ವಿಡಿಯೋದಲ್ಲಿ ಶಿವ ಎಡಭಾಗದಲ್ಲಿದ್ದ. ನಾನು ನೆನಪನ್ನು ಗದರಿಸಿ ಸುಮ್ಮನಿರಿಸಿದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಅದರ ಮೇಲೊಂದು ಸಿದ್ಧಾಂತವನ್ನೂ ಕಟ್ಟಿದೆ. ಎಲ್ಲೆಡೆ ಹರಿಹರನ ಬಲಭಾಗ ಶಿವ, ಬಾದಾಮಿಯ ಶಿಲ್ಪಿ ಮಾತ್ರ ಬೇಕೆಂತಲೇ ಬದಲಿಸಿದ್ದಾನೆ, ಸಂಪ್ರದಾಯ ಮುರಿದಿದ್ದಾನೆ, ಏಕಿರಬಹುದು, ಯೋಚಿಸಿ ಎಂದು ಭಾವಪೂರ್ಣವಾದ ಧ್ವನಿ ಸಂದೇಶದೊಂದಿಗೆ ವಿಡಿಯೋವನ್ನು ಗುಂಪಿಗೆ ಹಾಕಿದೆ. ಸಂಪ್ರದಾಯ ಮುರಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ.

ಉತ್ತರ ಬರತೊಡಗಿತು. ಮುಗಿದ ಕೈಗಳ ಚಿತ್ರ. ಅದರ ಕೆಳಗೆ ಇನ್ನೊಂದು ಜೋಡಿ ಕೈ. ಮತ್ತೊಂದು. ಪರದೆ ತುಂಬ ಸಾಲುಸಾಲು ಕೈ. ನಮ್ಮ ಕಡೆ ಗುಂಪಿನಲ್ಲಿ ದೇವರ ಚಿತ್ರ ಬಂದರೆ ಕೈ ಮುಗಿಯುತ್ತಾರೆ, ಗುರುಗಳ ಮಾತು ಬಂದರೂ ಕೈ ಮುಗಿಯುತ್ತಾರೆ. ಇಲ್ಲಿ ಎರಡೂ ಒಟ್ಟಿಗೆ ಬಂದಿದ್ದವು. ಯೋಚಿಸಿ ಎಂದದ್ದಕ್ಕೆ ತರಗತಿ ಪೂಜೆ ಮಾಡಿತು.

ಆ ಕೈಗಳ ನಡುವೆ ಒಂದು ಸಾಲು ಅಕ್ಷರ ಬಂತು. ಬರೆದವಳು ಶಮೀಮ್. ಬಿ.ಎ. ಕೊನೆಯ ವರ್ಷದವಳು, ಬಸ್ ನಿಲ್ದಾಣದ ಹತ್ತಿರ ಬಳೆ ಅಂಗಡಿ ಇಟ್ಟಿದ್ದ ಮೌಲಾಸಾಬರ ಮಗಳು. ತರಗತಿಯಲ್ಲಿ ಮಾತು ಕಡಿಮೆ.

“ಸರ್, ನೀವು ಗಡಿಯಾರ ಯಾವ ಕೈಗೆ ಕಟ್ತೀರಿ?”

ಎಡಗೈಗೆ ಎಂದು ಬರೆದೆ. ಇದೆಂಥ ಪ್ರಶ್ನೆ ಅನ್ನಿಸಿತು.

“ವಿಡಿಯೋದಾಗ ಬಲಗೈಗೆ ಐತ್ರಿ ಸರ್. ಫೋನು ಕನ್ನಡಿ ಹಂಗ ಎಡಬಲ ತಿರುವೈತಿ.”

ಅದರ ಕೆಳಗೆ ಇನ್ನೊಂದು ಸಾಲು:

“ದೇವರು ಉಲ್ಟಾ ಆಗ್ಯಾನ್ರಿ.”

ನಾನು ಕೈ ಎತ್ತಿ ನನ್ನ ಗಡಿಯಾರವನ್ನೇ ನೋಡುತ್ತ ಕೂತೆ. ಮುಂದಿನ ಕ್ಯಾಮೆರಾ ಎಡಬಲ ಬದಲಿಸಿ ಉಳಿಸಿತ್ತು. ಶಿಲ್ಪಿ ಯಾವ ಸಂಪ್ರದಾಯವನ್ನೂ ಮುರಿದಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಇಷ್ಟು ವರ್ಷ ನಾನು ಕಾಯುತ್ತಿದ್ದ ಉತ್ತರ ಇದೇ ಆಗಿತ್ತು. ನಾಳೆ ಇದನ್ನೇ ಪಾಠ ಮಾಡೋಣ, ಚೆನ್ನಾಗಿ ಸಿದ್ಧವಾಗಿ ಹೇಳೋಣ ಎಂದುಕೊಂಡು ಫೋನ್ ಕೆಳಗಿಟ್ಟೆ.

ಮರುದಿನಕ್ಕೆ ಬಹಳ ತಡವಾಗಿತ್ತು. ಯಾರೋ ಆ ಕೊನೆಯ ಸಾಲನ್ನಷ್ಟೇ ಕತ್ತರಿಸಿ ತೆಗೆದಿದ್ದರು. ಮೇಲೆ ಅವಳ ಹೆಸರು, ಕೆಳಗೆ ‘ದೇವರು ಉಲ್ಟಾ ಆಗ್ಯಾನ್ರಿ’. ಗಡಿಯಾರ ಇಲ್ಲ, ವಿಡಿಯೋ ಇಲ್ಲ, ನಾನಿಲ್ಲ. ಆ ತುಂಡು ಒಬ್ಬರ ಸ್ಟೇಟಸ್‌ನಿಂದ ಇನ್ನೊಬ್ಬರ ಸ್ಟೇಟಸ್‌ಗೆ ಹಾರುತ್ತ ಊರು ಸುತ್ತಿತ್ತು. ಕತ್ತರಿಸಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಮೌಲಾಸಾಬರ ಅಂಗಡಿಯ ಮುಂದೆ ಕೆಲವು ಹುಡುಗರು ಬೈಕು ನಿಲ್ಲಿಸಿ, ಮಗಳು ಏನು ಬರೆದಿದ್ದಾಳೆ ನೋಡಿದ್ದೀರೇನು ಎಂದು ಕೇಳಿ ಹೋಗಿದ್ದರು. ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಅಷ್ಟು ಸಾಕಾಗಿತ್ತು. ಅಂಗಡಿಯ ಬಾಗಿಲು ಅರ್ಧಕ್ಕೆ ಇಳಿಯಿತು. ಗುಂಪಿನಲ್ಲಿ ‘ಶಮೀಮ್ ತೊರೆದಿದ್ದಾರೆ’ ಎಂಬ ಬೂದು ಬಣ್ಣದ ಸಾಲು ಬಂತು. ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ನಮ್ಮ ಪ್ರಾಚಾರ್ಯರು ನನ್ನನ್ನು ಕರೆಸಿದರು. ಹುನಗುಂದದ ಬುಟ್ಟಿಯವರಲ್ಲ, ಇವರು ಬೇರೆ. ಸೌಮ್ಯ ಮನುಷ್ಯ, ಕಡತದ ಮೇಲೆ ಸಹಿ ಹಾಕುವ ಮೊದಲು ಪೆನ್ನನ್ನು ಎರಡು ಸಲ ಒರೆಸುವವರು.

“ಗ್ರೂಪ್ ಬಂದ್ ಮಾಡ್ರಿ. ವಿಡಿಯೋ ತೆಗೀರಿ. ಹುಡುಗಿಗಿ ಸ್ವಲ್ಪ ದಿವಸ ಸುಮ್ಮನಿರು ಅನ್ರಿ. ನಿಮ್ಮ ಪ್ರಯೋಗದ ಸಲುವಾಗಿ ಊರಾಗ ಬೆಂಕಿ ಹತ್ತಬಾರದು.”

“ವಿಡಿಯೋ ತೆಗದ್ರ ಊರಾಗ ಉಳಿಯೂದು ಆ ತುಂಡು ಅಷ್ಟರಿ ಸರ್” ಎಂದೆ. “ಪೂರ್ತಿ ಇದ್ದದ್ದನ್ನ ನಾವಽ ಅಳಿಸಿದಂಗ ಆಗ್ತದ.”

ಅವರು ಪೆನ್ನು ಒರೆಸಿದರು. ನಾನು ಎದ್ದು ಒಬ್ಬನೇ ಮೌಲಾಸಾಬರ ಅಂಗಡಿಗೆ ಹೋದೆ.

ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಒಳಗೆ ಹೋಗಬೇಕಾಯಿತು. ಗೋಡೆ ತುಂಬ ಹಸಿರು, ಕೆಂಪು ಬಳೆಗಳ ಸಾಲು. ಮೌಲಾಸಾಬರು ಒಂದು ಸ್ಟೂಲ್ ಒರೆಸಿ ಕೊಟ್ಟರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

“ನಮ್ಮಪ್ಪನ ಕಾಲದಿಂದ ಈ ಊರ ಹೆಣ್ಮಕ್ಕಳಿಗೆ ಬಳಿ ಇಟ್ಟೇವ್ರಿ ಸರ್” ಎಂದರು. “ನಿನ್ನೆ ಬಂದ ಹುಡುಗರ ಅವ್ವಂದ್ರಿಗೆ ಮದಿವಿ ಬಳಿ ನಾನಽ ಇಟ್ಟೀನಿ. ಅವ್ರು ನನ್ನ ಕಡೆ ನೋಡಿದ ನೋಟ ಒಂದ ಇತ್ತಲ್ರಿ, ಅದು ಸಾಕು. ಓದು ಇಷ್ಟಕ್ಕ ನಿಲ್ಲಲಿ.”

ಮಗಳ ಹೆಸರನ್ನು ಕಾಲೇಜು ತೆಗೆಯುವುದಿಲ್ಲ, ಪರೀಕ್ಷೆಗೆ ಕೂರುವವರೆಗೆ ಅದು ನಮ್ಮ ಜವಾಬ್ದಾರಿ ಎಂದು ನಾನು ಹೇಳಿದೆ. ಮೌಲಾಸಾಬರು ತಲೆ ಅಲ್ಲಾಡಿಸಿದರು, ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. ಒಳಗಿನ ಪರದೆಯ ಹಿಂದಿನಿಂದ ಶಮೀಮ್ ಬಂದು ನಿಂತಳು.

“ಸರ್, ನಾ ಬರದದ್ದು ಖರೇನೋ ಸುಳ್ಳೋ?”

“ಖರೆ.”

“ಹಂಗಿದ್ರ ಗ್ರೂಪಿನ್ಯಾಗ ಹೇಳ್ರಿ. ಇಲ್ಲಿ ಬಂದು ಹೇಳಿದ್ರ ಏನು ಬಂತು?”

ಅಲ್ಲಿಯೇ ಕೂತು ಫೋನ್ ತೆಗೆದು ಧ್ವನಿ ಸಂದೇಶದಲ್ಲಿ ಹೇಳಿದೆ. ಶಮೀಮ್ ಹೇಳಿದ್ದು ಸರಿ, ನನ್ನ ಸಿದ್ಧಾಂತ ತಪ್ಪು, ಗಡಿಯಾರ ನೋಡಿರಿ. ಕೂಡಲೇ ಮುಗಿದ ಕೈಗಳು ಬಂದವು. ನನ್ನ ತಪ್ಪಿಗೂ ಕೈ ಮುಗಿದಿದ್ದರು! ಊರಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಧ್ವನಿ ಸಂದೇಶವನ್ನು ಒತ್ತಿ, ಕೇಳಿ, ಅರ್ಥ ಮಾಡಿಕೊಳ್ಳುವ ವ್ಯವಧಾನ ಯಾರಿಗಿದೆ? ಕತ್ತರಿಸಿದ ತುಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿ ಮುಗಿಯುತ್ತದೆ.

ಆ ದಿನಗಳಲ್ಲೇ ಗುಹೆಗಳು ಮತ್ತೆ ತೆರೆದವು. ಬಾದಾಮಿಯಲ್ಲಿದ್ದವರು, ಶಿವಯೋಗ ಮಂದಿರದ ಕಡೆಯ ಹಳ್ಳಿಗಳಿಂದ ಬರಬಲ್ಲವರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬನ್ನಿ ಎಂದೆ. ಎಲ್ಲರೂ ಎಡಗೈಗೆ ಕರವಸ್ತ್ರ ಕಟ್ಟಿಕೊಳ್ಳಬೇಕು. ಹರಿಹರನ ಮುಂದೆ ನಿಂತು, ಫೋನಿನ ಮುಂದಿನ ಕ್ಯಾಮೆರಾದಲ್ಲಿ ಒಂದು, ಹಿಂದಿನದರಲ್ಲಿ ಒಂದು, ಹೀಗೆ ಎರಡು ವಿಡಿಯೋ. ಎರಡನ್ನೂ ಅಕ್ಕಪಕ್ಕ ಇಟ್ಟು ಕೆಳಗೆ ಒಂದೇ ಪ್ರಶ್ನೆ: ‘ಯಾವುದು ಖರೆ? ಹೆಂಗ ಹೇಳ್ತೀರಿ?’ ನನ್ನ ಹೆಸರು ಬೇಡ, ಶಮೀಮಳ ಹೆಸರೂ ಬೇಡ. ನಿಮ್ಮ ನಿಮ್ಮ ಸ್ಟೇಟಸ್‌ನಲ್ಲಿ ಹಾಕಿರಿ ಎಂದೆ.

ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಒಬ್ಬರ ಫೋನ್ ತಿರುವುತ್ತಿತ್ತು, ಇನ್ನೊಬ್ಬರದು ತಿರುವುತ್ತಿರಲಿಲ್ಲ. ಹಾಗಾಗಿ ಜಗಳ ಶುರುವಾಯಿತು. “ಲೇ, ನಿನ್ನ ಫೋನು ಸುಳ್ಳು ಹೇಳ್ತೈತಿ”, “ನಿನ್ನ ಕಣ್ಣು ಸುಳ್ಳು ಹೇಳ್ತಾವು, ಕೈ ನೋಡ್ಕೋಲೇ ಮೊದ್ಲು” ಎಂದು ಮೂರ್ತಿಯ ಮುಂದೆಯೇ ಕಚ್ಚಾಡಿದರು. ಅಂದು ಯಾರೂ ಹರಿಹರನಿಗೆ ಕೈ ಮುಗಿಯಲು ಪುರುಸೊತ್ತು ಮಾಡಿಕೊಳ್ಳಲಿಲ್ಲ. ಅವನನ್ನು ಅಷ್ಟು ಹತ್ತಿರದಿಂದ, ಶಂಖ ಯಾವ ಕೈಯಲ್ಲಿ, ಹಾವು ಯಾವ ಬದಿಯಲ್ಲಿ ಎಂದು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ. ನನ್ನ ಇಡೀ ಸೇವೆಯಲ್ಲಿ ನಾನು ತೆಗೆದುಕೊಂಡ ಎಲ್ಲಕ್ಕಿಂತ ಒಳ್ಳೆಯ ತರಗತಿ ಅದು, ನಾನು ಮಾತೇ ಆಡಲಿಲ್ಲ.

ಸಂಜೆಯ ಹೊತ್ತಿಗೆ ಜಗಳ ಊರಿಗೆ ಇಳಿಯಿತು. ಕ್ಷೌರದಂಗಡಿಯಲ್ಲಿ ಕನ್ನಡಿಯ ಮುಂದೆ ಜನ ಎಡಗೈ ಎತ್ತಿ ನಿಂತದ್ದನ್ನು ನಾನೇ ಕಂಡೆ. ಚಹಾದಂಗಡಿಯಲ್ಲಿ ಇಬ್ಬರು ಹಿರಿಯರು ಪರಸ್ಪರ ಎದುರು ನಿಂತು, ನನ್ನ ಬಲ ನಿನಗೆ ಎಡ ಹೇಗಾಯಿತು ಎಂದು ವಾದಿಸುತ್ತಿದ್ದರು. ಬೈಕಿನ ಹುಡುಗರಲ್ಲಿ ಒಬ್ಬ ಸ್ವತಃ ಗುಹೆಗೆ ಹೋಗಿ ವಿಡಿಯೋ ಮಾಡಿ ಹಾಕಿದ. ಯಾರೂ ಕ್ಷಮೆ ಕೇಳಲಿಲ್ಲ. ಆ ತುಂಡು ಹಳೆಯದಾಯಿತು, ಅಷ್ಟೇ. ‘ದೇವರು ಉಲ್ಟಾ ಆಗ್ಯಾನ’ ಎಂಬ ಮಾತನ್ನು ಈಗ ಊರೇ ಆಡುತ್ತಿತ್ತು, ಸಂತೋಷದಿಂದ.

ಶಮೀಮ್ ಮಾತ್ರ ಗುಂಪಿಗೆ ಮರಳಲಿಲ್ಲ. ಮೌಲಾಸಾಬರ ಅರ್ಧ ಬಾಗಿಲು ಮೇಲೇಳಲಿಲ್ಲ. ಇಲ್ಲಿ ನನ್ನ ಫೋನೂ ಉಪಯೋಗಕ್ಕೆ ಬರಲಿಲ್ಲ, ನನ್ನ ಜಾಣತನವೂ ಬರಲಿಲ್ಲ. ಶಮೀಮಳ ಗೆಳತಿ ಗಂಗಾ ತನ್ನ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಹೋದಳು. ತಾಯಿ ಬಾಗಿಲ ಕೆಳಗೆ ಬಗ್ಗಿ ಒಳಗೆ ಹೋಗಿ, ಕೂತು, ಕೈ ಚಾಚಿದರಂತೆ. ಮೌಲಾಸಾಬರು ಏನೂ ಕೇಳದೆ ಹಸಿರು ಬಳೆ ಇಟ್ಟರಂತೆ. ಬಳೆ ಇಡಿಸಿಕೊಂಡ ಮೇಲೆ ಇಟ್ಟವರಿಗೆ ಕೈ ಮುಗಿಯುವುದು ನಮ್ಮ ಹೆಣ್ಣುಮಕ್ಕಳ ಪದ್ಧತಿ. ಆಕೆ ಮುಗಿದರು. ಗಂಗಾ ಇದನ್ನು ನನಗೆ ಹೇಳುವಾಗ, “ಕಾಕಾ ಆಮ್ಯಾಲ ಬಾಗಲಾ ಎತ್ತಿದ್ರರೀ ಸರ್” ಎಂದಷ್ಟೇ ಹೇಳಿದಳು. ಮುಂದಿನ ದಿನಗಳಲ್ಲಿ ಬೇರೆ ತಾಯಂದಿರೂ ಹೋದರು.

‘ಶಮೀಮ್ ಸೇರಿದ್ದಾರೆ’ ಎಂಬ ಸಾಲು ಬಂದಾಗ ಗುಂಪಿನಲ್ಲಿ ಮತ್ತೆ ಕೈಗಳ ಸುರಿಮಳೆ. ಅವಳು ಸುಮ್ಮನಿರಲಿಲ್ಲ.

“ಹರಿಹರನ ವಿಡಿಯೋಕ್ಕೂ ಇಷ್ಟಽ ಕೈ ಬಂದಿದ್ವು. ಖರೆ ಹೇಳ್ರಿ, ಎಷ್ಟು ಮಂದಿ ನೋಡಿದ್ರಿ?”

ಅದರ ಕೆಳಗೇ ನಾನು ನಿಯಮ ಬರೆದೆ: ಈ ಗುಂಪಿನಲ್ಲಿ ಇನ್ನು ಕೈ ಮುಗಿಯುವಂತಿಲ್ಲ. ಹೇಳುವುದಿದ್ದರೆ ಹೇಳಿ, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ, ತಪ್ಪಿದ್ದರೆ ತಪ್ಪು ಎನ್ನಿ.

ನಿವೃತ್ತಿಯವರೆಗೂ ಆ ನಿಯಮ ನಡೆಯಿತು. ಅದಕ್ಕೊಂದು ಬಾಲವನ್ನೂ ಕಟ್ಟಿದೆ: ಪ್ರತಿ ಪಾಠದಲ್ಲಿ ಬೇಕೆಂತಲೇ ಒಂದು ತಪ್ಪು ಇಟ್ಟು, ಹುಡುಕಿ ಎನ್ನುತ್ತಿದ್ದೆ. ಅವರು ಹಲವು ಸಲ ಎರಡು ಹುಡುಕುತ್ತಿದ್ದರು. ಎರಡನೆಯದು ನಾನು ಇಟ್ಟದ್ದಾಗಿರುತ್ತಿರಲಿಲ್ಲ. ಹೊಸಬರು ಇದನ್ನು ಮಾಡಿ ನೋಡಬೇಕು. ಮೊದಮೊದಲು ಮೈ ಉರಿಯುತ್ತದೆ, ಆಮೇಲೆ ಅದೇ ರುಚಿಯಾಗುತ್ತದೆ. ಶಮೀಮ್ ಪರೀಕ್ಷೆ ಬರೆದಳು, ಎಂ.ಎ. ಮಾಡಿದಳು, ಈಗ ಹುನಗುಂದದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ.

ಬರಹ ಇಲ್ಲಿಗೆ ಮುಗಿದಿತ್ತು. ಅಚ್ಚಿಗೆ ಕಳಿಸುವ ಮೊದಲು ಇದನ್ನು ಆ ಹಳೆಯ ಗುಂಪಿಗೆ ಹಾಕಿ, ತಪ್ಪಿದ್ದರೆ ಹೇಳಿ ಎಂದೆ. ಗುಂಪು ಇನ್ನೂ ಜೀವಂತ ಇದೆ. ಕೆಲವರು ಅಲ್ಪವಿರಾಮ ತಿದ್ದಿದರು. ಕ್ಷೌರದಂಗಡಿಯಲ್ಲಿ ಕೈ ಎತ್ತಿ ನಿಂತವನು ತಾನೇ ಎಂದು ಒಬ್ಬ ಒಪ್ಪಿಕೊಂಡ. ಆಮೇಲೆ ಶಮೀಮಳ ಧ್ವನಿ ಸಂದೇಶ ಬಂತು. ಹಿನ್ನೆಲೆಯಲ್ಲಿ ಹುನಗುಂದದ ತರಗತಿ ಬಿಟ್ಟ ಗದ್ದಲ.

“ಸರ್, ಅಂಗಡಿಗೆ ನೀವು ಒಬ್ರಽ ಬಂದಿರಲಿಲ್ರಿ. ಪ್ರಿನ್ಸಿಪಾಲ್ ಸರ್ ಸ್ಕೂಟರ್ ಮ್ಯಾಲ ಬಂದಿದ್ರು, ನೀವು ಅವ್ರ ಹಿಂದ ಕುಂತಿದ್ರಿ. ಸ್ಟೂಲ್ ಒಂದಽ ಇತ್ತು, ನೀವು ಕುಂತ್ರಿ, ಅವ್ರು ನಿಂತಽ ಇದ್ರು. ಹುಡುಗಿ ಹೆಸರು ತೆಗಿಯಂಗಿಲ್ಲ, ನನ್ನ ಜವಾಬ್ದಾರಿ ಅಂದಾವ್ರು ಅವ್ರು. ನೀವಲ್ಲ. ನಮ್ಮ ಅಬ್ಬಾ ಇವತ್ತಿಗೂ ಅವರ ಹೆಸರಽ ಹೇಳ್ತಾರ.”

ಕೇಳಿದೆ. ಮತ್ತೊಮ್ಮೆ ಕೇಳಿದೆ. ಸ್ಕೂಟರ್ ನೆನಪಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಹೆಲ್ಮೆಟ್ಟಿನ ಹಿಂಭಾಗ ನೆನಪಾಯಿತು, ಅಲ್ಲಿ ಅಂಟಿಸಿದ್ದ ಬಣ್ಣ ಹೋದ ಕಾಗದ. ಅದು ಖರೆಯೋ, ಈಗ ಅವಳು ಹೇಳಿದ ಮೇಲೆ ಹುಟ್ಟಿದ್ದೋ ಹೇಳಲಾರೆ. ಪೆನ್ನು ಒರೆಸುತ್ತಿದ್ದ ಆ ಸೌಮ್ಯ ಮನುಷ್ಯನನ್ನು ನನ್ನ ನೆನಪು ಯಾವಾಗಲೋ ಅಂಗಡಿಯಿಂದ ಹೊರಗೆ ಕಳಿಸಿ, ಅವರ ಮಾತನ್ನು ನನಗೆ ಕೊಟ್ಟಿತ್ತು. ಅವರು ಈಗಿಲ್ಲ.

ಮೇಲೆ ಬರೆದದ್ದನ್ನು ನಾನು ತಿದ್ದಿಲ್ಲ. ತಿದ್ದಿದರೆ ಅವಳು ಹೇಳಿದ ಮಾತಿಗೆ ಜಾಗವಿರುವುದಿಲ್ಲ. ಎರಡೂ ಇರಲಿ, ಓದುವವರು ಅಕ್ಕಪಕ್ಕ ಇಟ್ಟು ನೋಡಲಿ.

ಅವಳ ಸಂದೇಶದ ಕೆಳಗೆ ಗುಂಪಿನಲ್ಲಿ ಯಾರೂ ಕೈ ಮುಗಿಯಲಿಲ್ಲ, ನಿಯಮ ಅವರಿಗೆ ನೆನಪಿತ್ತು. ನಾನು ಮುಗಿದೆ.